ತೇಜು ಅತ್ತ ಸೀನು

ಫೆಬ್ರವರಿ 12, ಬುಧವಾರ

ಟಾಕೀಸಿನ ಗೇಟಿಗೆ ಎಣ್ಣೆ ಬಿಟ್ಟೆ. ಬಾಲ್ಕನಿ ಗುಡಿಸಿದ್ದಾಯಿತು. ಶುಕ್ರವಾರದ ಪೋಸ್ಟರ್ ಬಂತು — ಹೋದ ವರ್ಷ ಹಳ್ಳಿಮೈಸೂರಿನಲ್ಲಿ ಶೂಟಿಂಗ್ ಆದ ಸಿನಿಮಾ. ಅದರಲ್ಲಿ ನನ್ನ ಮಗಳು ತೇಜು ಒಂದು ಸೀನು ಅತ್ತಿದ್ದಾಳೆ. ಹನ್ನೊಂದು ವರ್ಷಕ್ಕೇ ಆರ್ಟಿಸ್ಟು. ಇಡೀ ಸ್ಕೂಲಿಗೆ ಹೇಳಿಕೊಂಡು ಬಂದಿದ್ದಾಳೆ, ಕಳ್ಳಿ.

ಪೋಸ್ಟರ್ ಮೂಲೆಯಲ್ಲಿ 'ಎ'. ಹದಿನೆಂಟು ತುಂಬದವರಿಗೆ ಪ್ರವೇಶವಿಲ್ಲ. ಹೊಳೆನರಸೀಪುರದ ಈ ಟಾಕೀಸಿನಲ್ಲಿ ಅಂಥವರನ್ನು ವಾಪಸ್ ಕಳಿಸುವವನು ನಾನೇ.

ಫೆಬ್ರವರಿ 13

ತೇಜುಗೆ ಹೇಳಿದೆ. ಊಟ ಬಿಟ್ಟಳು.

"ನಾನೇ ಮಾಡಿರೋ ಸಿನಿಮಾನ ನಾನೇ ನೋಡಂಗಿಲ್ವಾ?"

ಓನರ್ ರುದ್ರೇಶಣ್ಣ, "ನಿನ್ ಮಗ್ಳು ಕಣ್ಲಾ ಕೀರ್ತಿ, ಇಂದ್ಗಡೆಯಿಂದ ಬಿಟ್ಬುಡು" ಅಂದರು. ಹೆಂಡತಿ ಶಾಂತಿಯದೂ ಅದೇ ಮಾತು. ಸರಿ, ನಾಳೆ ಮ್ಯಾಟ್ನಿಗೆ ಬಿಡುವುದು.

ಫೆಬ್ರವರಿ 14

ಮಾರ್ನಿಂಗ್ ಶೋ ಬಾಗಿಲಲ್ಲಿ ನಿಂತೇ ನೋಡಿದೆ. ಶೂಟಿಂಗ್ ದಿನ ಡೈರೆಕ್ಟರ್ ಹೇಳಿದ್ದು ಇಷ್ಟೇ — ಈ ಖಾಲಿ ಮಂಚ ನೋಡಿಕೊಂಡು ಅಳು ಪುಟ್ಟಿ. ಪರದೆ ಮೇಲೆ ಮಂಚ ಖಾಲಿ ಇಲ್ಲ. ಸಿನಿಮಾದ ಅಪ್ಪನನ್ನು ಅದರ ಮೇಲೆ ಕಡಿದು ಹಾಕಿದ್ದಾರೆ. ಎದುರಿಗೆ ನನ್ನ ತೇಜು.

ಮಧ್ಯಾಹ್ನ ಹೊಸ ಫ್ರಾಕ್ ಹಾಕಿಕೊಂಡು ಬಂದಳು. ಬಿಡಲಿಲ್ಲ. ಜನರೆದುರೇ ಅತ್ತಳು. "ಮಾತಾಡಿಸ್ಬ್ಯಾಡ ಓಗು" ಅಂದಳು.

ಮಾರ್ಚ್ 3

ಇನ್ನೂ ನನ್ನ ಗಾಡಿ ಹತ್ತಿಲ್ಲ. ನಡೆದೇ ಸ್ಕೂಲಿಗೆ. ಸಿಟ್ಟಿನಲ್ಲಿ ಥೇಟ್ ನಮ್ಮವ್ವ.

ಅಕ್ಟೋಬರ್ 5, ಭಾನುವಾರ

ಆ ಸಿನಿಮಾ ಟಿವಿಯಲ್ಲಿ ಬಂತು. 'ಎ' ಸಿನಿಮಾ ಟಿವಿಗೆ ಬರಬೇಕಾದರೆ ಮತ್ತೆ ಸೆನ್ಸಾರ್ ಆಗಬೇಕು. ಕತ್ತರಿಸಿ ಯುಎ 16+ ಮಾಡಿದ್ದಾರೆ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ತೋರಿಸುವುದು ಬಿಡುವುದು ಹೆತ್ತವರಿಗೆ ಸೇರಿದ್ದು. ಅಂದರೆ ಮನೆಯಲ್ಲೂ ಗೇಟು ನಂದೇ.

ಶಾಂತಿ, "ಪಕ್ಕದಲ್ಲಿ ಕೂತ್ಕೊಂಡು ತೋರ್ಸಿ" ಅಂದಳು. ಕೂತೆ.

ಕೊಲೆ ಇಲ್ಲ, ರಕ್ತ ಇಲ್ಲ. ತೇಜು ಮಾತ್ರ ಉಳಿದಿದ್ದಾಳೆ. ಟಿವಿ ತುಂಬ ಅವಳ ಮುಖ. ಎಷ್ಟು ಚೆನ್ನಾಗಿ ಅತ್ತಿದ್ದಾಳೆ ನನ್ನ ಮಗಳು... ಹೆಮ್ಮೆಯಾಯಿತು.

ಅವಳಿಗೆ ಮಾತ್ರ ಖುಷಿಯಾಗಲಿಲ್ಲ. "ಅಪ್ಪೋ, ನೀನು ಪೂರ್ತಿ ನೋಡಿದ್ಯಲ್ಲ. ನಾನ್ ಯಾರ್ಗೋಸ್ಕರ ಅಳ್ತಾ ಇದೀನಿ?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ.

"ನಿಮ್ಮಪ್ಪನ್ಗೋಸ್ಕರ ಕಣವ್ವ."

ಹತ್ತಿರ ಸರಿದು ನನ್ನ ಬಲಗೈ ಹಿಡಿದುಕೊಂಡಳು. ಹಾಗೇ ನಿದ್ದೆ ಹೋಗಿದ್ದಾಳೆ. ಇನ್ನೂ ಬಿಟ್ಟಿಲ್ಲ. ಎಡಗೈಯಲ್ಲಿ ಬರೆಯಲು ಆಗುತ್ತಿಲ್ಲ, ಸಾಕು —