ಗಂಟಲಿಗೆ ಇಳಿದ ಹನಿ

ಅವ್ವಾ,

ನೀನು ಹೋಗಿ ಮೂರು ವರ್ಷವಾದ ಮೇಲೆ, ಇವತ್ತು ಚಿಕ್ಕೋಡಿಯ ಕಣ್ಣಿನ ಡಾಕ್ಟರು ನನಗೂ ನಿನ್ನದೇ ಕಾಚಬಿಂದು, ಇಂಗ್ಲಿಷಿನಲ್ಲಿ ಗ್ಲಾಕೋಮಾ, ಅಂದರು.

"ಕಣ್ಣಾಗಿನ ಒತ್ತಡ ಏರಿತಂದ್ರ ಸಣ್ಣ ರಕ್ತನಾಳ ಅಮುಕ್ತಾವ್ರಿ, ಡ್ರಿಪ್ ಪೈಪಿನ ಮ್ಯಾಲ ಕಾಲಿಟ್ಟಂಗ. ಕಣ್ಣಿನ ಹಿಂದಿನ ನರಕ್ಕ ರಕ್ತ ಸರಿಯಾಗಿ ಮುಟ್ಟಂಗಿಲ್ಲ."

ಕಬ್ಬು ಬೆಳೆಯುವವಳಿಗೆ ಅಷ್ಟು ತಿಳಿಯಿತು. ಆಮೇಲೆ ಆದದ್ದೇ ಮನಸ್ಸಿನಿಂದ ಹೋಗುತ್ತಿಲ್ಲ. ಅವರು ಹಾಕಿದ ಹನಿ ಕಣ್ಣಲ್ಲಿ ನಿಲ್ಲದೆ ಗಂಟಲಿಗಿಳಿದು ಬಾಯೆಲ್ಲ ಕಹಿಯಾಯಿತು.

ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟದ ವ್ರತ ನಿನ್ನದು. ನಾನು ಸಂಜೆಯ ಹನಿ ಹಾಕಲು ಬಂದರೆ ನೀನು ಮುಖ ತಿರುಗಿಸುತ್ತಿದ್ದೆ.

"ಹೊತ್ತ ಮುಳುಗೇತಿ, ಇನ್ನ ಬ್ಯಾಡ."

"ಕಣ್ಣಿಲೆ ಯಾರರ ಉಣ್ತಾರೇನ ಬೇ?" ಎಂದು ನಾನು ನಗುತ್ತಿದ್ದೆ. ಆಮೇಲೆ ಬೈದೆ. ಕಡೆಗೆ ಬಾಟಲಿಯನ್ನು ನಿನ್ನ ಕೈಗೇ ಕೊಟ್ಟುಬಿಟ್ಟೆ. ಮರುವರ್ಷ ಬಸದಿಯಲ್ಲಿ ನೀನು ನನ್ನ ತೋಳು ಹಿಡಿದು, "ಸ್ವಾಮಿ ಯಾ ಕಡೆ ಅದಾನ?" ಎಂದು ಕೇಳಿದೆ.

ಹನಿ ಬಾಯಿಗಿಳಿದು ಕಹಿ ಬರುತ್ತದೆ, ವ್ರತ ಕೆಡುತ್ತದೆ ಎಂದು ಯಾಕೆ ಹೇಳಲಿಲ್ಲ? ಅಥವಾ ಹೇಳಿದ್ದೆಯೋ, ನಾನೇ ಕೇಳಿಸಿಕೊಳ್ಳಲಿಲ್ಲವೋ? ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿದರೆ ಹನಿ ಗಂಟಲಿಗೆ ಇಳಿಯುವುದಿಲ್ಲವಂತೆ. ಎರಡೇ ನಿಮಿಷ, ಅವ್ವಾ. ಡಾಕ್ಟರು ಇದನ್ನು ಹೇಳಿದಾಗ ನಾನು ಎರಡು ಸಲ ಕೇಳಿದೆ.

ಈಗ ಹೊತ್ತು ಮುಳುಗಿದೆ. ಹನಿ ಹಾಕಿಕೊಂಡೆ. ಯಾಕೋ ಗೊತ್ತಿಲ್ಲ, ಮೂಲೆಯನ್ನು ಮಾತ್ರ ಒತ್ತಲಿಲ್ಲ; ನಿನ್ನ ಕಹಿ ನನ್ನ ಗಂಟಲಿಗೂ ಇಳಿಯಿತು.

ಸ್ನೇಹಲ