ಚಿಕ್ಕಿ ಉರುಳಿಸಿಟ್ಟ ಕಲ್ಲು

ಬೇಗೂರು, ೧೨ ಮಾರ್ಚ್ ೨೦೦೩, ಬುಧವಾರ

ಸೊಂಟ ಮತ್ತೆ ಹಿಡಿದಿದೆ. ನನ್ನ ಹಳೇ ಜೀಪಿಗೆ ಹೆಚ್ಚಿನ ಸ್ಪ್ರಿಂಗ್ ಪ್ಲೇಟು ಹಾಕಿಸಿ ಎತ್ತರಿಸಿದಾಗಿನಿಂದ ಬರೀ ಕುಲುಕಾಟ. ಆದರೆ ತೋಡಿನ ನೀರು ದಾಟಿ, ಆದಿವಾಸಿಗಳು ಭೂಮಿಗಾಗಿ ಗುಡಿಸಲು ಹಾಕಿಕೊಂಡ ಗುಡ್ಡ ಹತ್ತುವ ಗಾಡಿ ಇದೊಂದೇ. ಅಲ್ಲಿನ ಕಾಯಿಲೆಯವರನ್ನು ಕರೆತರಲೆಂದೇ ಎತ್ತರಿಸಿದ್ದು. ಹತ್ತಲು ಕಾಲೆಟುಕದೆ ಮುದುಕಿ ಚಿಕ್ಕಿ ಅಲ್ಲೊಂದು ಕಲ್ಲು ಉರುಳಿಸಿಟ್ಟಿದ್ದಳು.

ಇವತ್ತು ಗುಡಿಸಲು ಕೀಳಲು ಪೊಲೀಸರು ಇದೇ ಜೀಪು ಹತ್ತಿದರು. ಒಲ್ಲೆನೆಂದರೆ ನಾನೂ ನಕ್ಸಲನೇ ಅಂದರು. ಸದ್ದಿನ ಗುರುತು ಹಿಡಿದು, ನನ್ನ ಜೀಪೇ ಅಲ್ಲವೇ ಎಂದು ಯಾರೂ ಕಾಡಿಗೆ ಓಡಲಿಲ್ಲ. ಚಿಕ್ಕಿ ಜ್ವರದ ಮೊಮ್ಮಗಳನ್ನು ಹೊತ್ತು ಕಲ್ಲಿನ ಬಳಿ ನಿಂತು ಕೂಗಿದಳು: "ಶಿವನಂಜಣ್ಣಾ, ಬಂದ್ಯಲ್ಲ, ಈ ಕೂಸ್ನ ಆಸ್ಪತ್ರಿಗೆ ಕೊಂಡೋಗು."

ಮೊದಲು ಇಳಿದ ಪೊಲೀಸನ ಬೂಟುಗಾಲು ಆ ಕಲ್ಲಿನ ಮೇಲೇ ಬಿತ್ತು.