ನಿಗದಿತ ನಮೂನೆಯಲ್ಲಿಲ್ಲದ ಬನಿಯನ್

ಮಾನ್ಯ ಕಟ್ಟಡ ಸುರಕ್ಷತಾ ಅಧಿಕಾರಿಗಳೇ,

ನಿಮ್ಮ ಕಚೇರಿಯ ಲಿಫ್ಟು ಬೀಳುತ್ತದೆ. ಯಾವ ದಿನ ಎಂದು ಹೇಳಲು ನಾನು ಜೋಯಿಸನಲ್ಲ, ಹನ್ನೆರಡು ವರ್ಷದಿಂದ ಅದಕ್ಕೆ ಎಣ್ಣೆ ಹಾಕುತ್ತಿರುವ ಮೆಕ್ಯಾನಿಕ್. ಅದನ್ನು ನಿಲ್ಲಿಸಿ ಎಂದು ಮೂರು ತಿಂಗಳ ಹಿಂದೆ ಅರ್ಜಿ ಕೊಟ್ಟೆ. 'ಲಿಫ್ಟ್ ಸುಸ್ಥಿತಿಯಲ್ಲಿದೆ' ಎಂದು ನೀವು ಆದೇಶ ಹೊರಡಿಸಿದಿರಿ. ಹಗ್ಗಕ್ಕೆ ಓದಲು ಬರುವುದಿಲ್ಲ ಸ್ವಾಮಿ. ಬರುತ್ತಿದ್ದರೆ ನಿಮ್ಮ ಸಹಿ ನೋಡಿಯಾದರೂ ಗಟ್ಟಿಯಾಗುತ್ತಿತ್ತೋ ಏನೋ.

ಲಿಫ್ಟಿನ ಹಗ್ಗ ಎಂದರೆ ಉಕ್ಕಿನ ಎಳೆಗಳನ್ನು ಹೊಸೆದದ್ದು. ನಮ್ಮ ಕಸುಬಿನಲ್ಲಿ ಹಳೆಯ ಬನಿಯನ್ ಬಟ್ಟೆಯನ್ನು ಹಗ್ಗಕ್ಕೆ ಒತ್ತಿ ಹಿಡಿದು ಲಿಫ್ಟನ್ನು ಮೆಲ್ಲಗೆ ಓಡಿಸುತ್ತೇವೆ. ಎಳೆ ಮುರಿದು ಎದ್ದಿದ್ದರೆ ಬಟ್ಟೆ ಸಿಕ್ಕಿ ಹರಿಯುತ್ತದೆ. ಹೋದ ವರ್ಷ ಎರಡು ಕಡೆ ಸಿಕ್ಕಿತ್ತು. ಈ ಸಲ ಬನಿಯನ್ ಜರಡಿಯಾಯಿತು. ಹಗ್ಗ ಹರಿದರೆ ಹಿಡಿದು ನಿಲ್ಲಿಸಬೇಕಾದ ಬ್ರೇಕು ತುಕ್ಕು ತಿಂದು ಕೂತಿದೆ, ಸುತ್ತಿಗೆಯಲ್ಲಿ ಬಡಿದರೂ ಅಲುಗುವುದಿಲ್ಲ. ಬರೆಯುವುದರಲ್ಲಿ ನಾನು ಅಷ್ಟಕ್ಕಷ್ಟೇ, ಹಾಗಾಗಿ ಆ ಬನಿಯನ್ನನ್ನೇ ಅರ್ಜಿಗೆ ಪಿನ್ನು ಚುಚ್ಚಿ ಕೊಟ್ಟೆ. ಅದು ವಾಪಸ್ ಬಂತು: 'ಲಗತ್ತು ನಿಗದಿತ ನಮೂನೆಯಲ್ಲಿಲ್ಲ.' ಒಗೆದು ಇಸ್ತ್ರಿ ಮಾಡಿ ಕೊಡಬೇಕಿತ್ತೇ?

ನನ್ನ ಮಗಳು ಕಾನೂನು ಓದುತ್ತಾಳೆ. ಈ ವರ್ಷ ಅವಳಿಗೆ ಆಡಳಿತ ಕಾನೂನು, ಅಂದರೆ ನಿಮ್ಮಂಥವರು ಹೇಗೆ ತೀರ್ಮಾನ ಮಾಡಬೇಕು ಎಂಬ ಪಾಠ. ನಾನು ಊಟಕ್ಕೆ ಕೂತಾಗ ಗಟ್ಟಿಯಾಗಿ ಓದುತ್ತಾಳೆ. ಅಧಿಕಾರಿ ಕಣ್ಣಾರೆ ನೋಡಿರಬೇಕು, ಎದುರಿನವನ ಮಾತು ಕೇಳಿರಬೇಕು, ಕಾರಣ ಬರೆದಿರಬೇಕು ಎಂದೆಲ್ಲ. "ಇದೇನ್ ಮಗಾ, ಪುರಾಣಾನಾ?" ಎಂದು ನಕ್ಕಿದ್ದೆ. ಆಮೇಲೆ ಅವಳು ನಿಮ್ಮ ಆದೇಶ ಓದಿದಳು.

"ಅಪ್ಪಾ, ಸ್ಥಳಕ್ಕೆ ಬಂದು ನೋಡಿದೀವಿ, ಲಿಫ್ಟಿನ ಒಳಗಿನ ಕನ್ನಡಿ ಸ್ವಚ್ಛವಾಗಿದೆ ಅಂತ ಬರ್ದಿದಾರೆ."

"ಯಾವ ಕನ್ನಡಿ? ಅದು ಒಡೆದೋಗಿ ಎರಡು ವರ್ಷದ ಹಿಂದೆ ನಾನೇ ಬಿಚ್ಚಿ ಬಿಸಾಕ್ದೆ."

ಅವಳು ಆದೇಶದ ತಾರೀಖಿನ ಮೇಲೆ ಬೆರಳಿಟ್ಟಳು. "ಹಾಗಾದ್ರೆ ಹಳೇ ಆದೇಶಕ್ಕೆ ಹೊಸ ತಾರೀಖು ಹಾಕಿದಾರೆ ಅಪ್ಪಾ. ಯಾರೂ ಬಂದೇ ಇಲ್ಲ."

ನಿಮ್ಮ ಗುಮಾಸ್ತರನ್ನು ಕೇಳಿದೆ. ಪಾಪ, ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ.

"ಹಿಂದಿನ್ ಆದೇಶ ನೋಡ್ಕೊಂಡೇ ಮುಂದಿನ್ದು ಬರೆಯೋದು ಕಣಯ್ಯಾ, ಇಲ್ಲಿನ ಪದ್ಧತಿ. ಇಷ್ಟು ವರ್ಷ ಬಿದ್ದಿಲ್ಲ ತಾನೇ?"

"ಬಿದ್ಮೇಲೆ ತುಂಬೋಕೆ ಬೇರೆ ಫಾರಂ ಇದೆಯಾ ಸಾರ್?"

"ಇದೆ," ಎಂದರು.

ತಮಾಷೆಗೆ ಕೇಳಿದ್ದು ನಾನು. ಅವರು ತಮಾಷೆ ಮಾಡುತ್ತಿರಲಿಲ್ಲ.

ಮಾರನೇ ದಿನ ನಾನೇ ಲಿಫ್ಟಿಗೆ ಬೀಗ ಜಡಿದೆ. ಒಂದು ಗಂಟೆಯೊಳಗೆ ನೋಟಿಸು ಬಂತು, ಕೀಲಿಕೈ ಹೋಯಿತು. ನಿಮ್ಮ ಕಚೇರಿಯಲ್ಲಿ ಕೆಲಸ ನಿಧಾನ ಎಂದವರು ಯಾರು?

ಇನ್ನು ನನ್ನ ಅಕ್ಕನ ಮಾತು. ನಿಮ್ಮ ಫೈಲುಗಳನ್ನು ನೆಲಮಟ್ಟದ ಟಪಾಲು ಮೇಜಿನಿಂದ ಐದನೇ ಮಹಡಿಗೆ ಹೊರುವ ಜವಾನಿ ಅವಳೇ. ಎರಡೂ ಮಂಡಿ ಸವೆದಿವೆ. ದಿನಕ್ಕೆ ಮೂವತ್ತು ಸಲ ಆ ಲಿಫ್ಟು ಹತ್ತಿ ಇಳಿಯುತ್ತಾಳೆ. ಲಿಫ್ಟು ಅಪಾಯ ಎಂಬ ನನ್ನ ಅರ್ಜಿಯನ್ನು ಅದೇ ಲಿಫ್ಟಿನಲ್ಲಿ ನಿಮ್ಮ ಮುಂದೆ ತಂದಿಟ್ಟವಳೂ ಅವಳೇ.

"ಅಕ್ಕಾ, ಕಾಲಿಗೆ ಬೀಳ್ತೀನಿ, ಹತ್ತಬೇಡ."

"ಹತ್ತದೆ? ಐದು ಮಹಡಿ ನೀನು ಹೆಗಲ ಮೇಲೆ ಹೊತ್ಕೊಂಡು ಹೋಗ್ತೀಯೇನೋ?" ನಕ್ಕಳು. ಆಮೇಲೆ ನನ್ನ ಕೆನ್ನೆ ತಟ್ಟಿದಳು. "ಸಾಹೇಬ್ರು ಚೆನ್ನಾಗಿದೆ ಅಂತ ಸಹಿ ಹಾಕಿದಾರೆ. ನೀನು ಓದಿರೋದು ನಾಲ್ಕನೇ ಕ್ಲಾಸು. ನಾನು ಯಾರ ಮಾತು ಕೇಳ್ಲಿ ಹೇಳು?"

ಫೈಲಿನ ಕಟ್ಟು ಎತ್ತಿಕೊಂಡು ಲಿಫ್ಟಿನೊಳಗೆ ಹೋದಳು.

ಇಷ್ಟೇ ಆಗಿದ್ದರೆ ನಿಮಗೆ ತಿಳಿಯಲಿಲ್ಲ, ಓದಲಿಲ್ಲ ಎಂದುಕೊಂಡು ಸುಮ್ಮನಿರುತ್ತಿದ್ದೆ. ಆದರೆ ಹೋದ ಸೋಮವಾರ ಮೂರನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ನೀವು ಕೈಕಂಬಿ ಹಿಡಿದು ಏದುಸಿರು ಬಿಡುತ್ತಾ ನಿಂತಿದ್ದಿರಿ. ನಾನು ನಮಸ್ಕಾರ ಹೊಡೆದೆ, ನೀವು ಗೋಡೆ ನೋಡಿದಿರಿ. ಕಾವಲುಗಾರನನ್ನು ವಿಚಾರಿಸಿದೆ. "ಸಾಹೇಬ್ರು ಮೂರು ತಿಂಗಳಿಂದ ಮೆಟ್ಲೇ ಹತ್ತೋದು. ಡಾಕ್ಟ್ರು ಹೇಳಿದಾರಂತೆ," ಎಂದ.

ಮೂರು ತಿಂಗಳು. ಯಾವ ಡಾಕ್ಟರು ಸ್ವಾಮಿ, ನನ್ನ ಬನಿಯನ್ನೇ?

ಮಗಳಿಗೆ ಹೇಳಿದೆ. ಅವಳು ಪುಸ್ತಕ ಮುಚ್ಚಿದಳು. "ನಿನ್ನ ಅರ್ಜಿ ಓದಿದಾರೆ, ನಂಬಿದಾರೆ, ತೀರ್ಮಾನಾನೂ ಮಾಡಿದಾರೆ ಅಪ್ಪಾ. ಅವರೊಬ್ಬರಿಗೆ ಮಾತ್ರ."

ಹಾಗಾಗಿ ಊರೆಲ್ಲ ಓದಲಿ ಎಂದು ಇದನ್ನು ಬರೆದಿದ್ದೇನೆ. ನನ್ನ ಬೇಡಿಕೆ ಒಂದೇ. ನಿಮ್ಮ ಕಾಲಿಗೆ ಕೊಟ್ಟ ಆದೇಶವನ್ನೇ ಕಾಗದದ ಮೇಲೂ ಬರೆದು, ಲಿಫ್ಟನ್ನು ಇಂದೇ ನಿಲ್ಲಿಸಿ. ಈ ಪತ್ರದ ಒಂದು ಪ್ರತಿ ಬೆಳಿಗ್ಗೆ ಹತ್ತಕ್ಕೆ ಟಪಾಲು ಮೇಜಿನ ಮೇಲಿರುತ್ತದೆ. ಅದನ್ನು ಮೇಲಕ್ಕೆ ತರಿಸಬೇಡಿ, ತರುವವಳು ನನ್ನ ಅಕ್ಕ. ಹೇಗೂ ನಿಮಗೆ ಮೆಟ್ಟಿಲು ಅಭ್ಯಾಸವಾಗಿದೆ. ನೀವೇ ಇಳಿದು ಬನ್ನಿ.

ಇಂತಿ,
ನಾಲ್ಕನೇ ಕ್ಲಾಸಿನಲ್ಲೇ ಇಳಿದುಬಿಟ್ಟ,
ಕೀಲಿಕೈ ಕಳೆದುಕೊಂಡ ನಿಮ್ಮ ಲಿಫ್ಟ್ ರಿಪೇರಿಯವನು